ಉಣ್ಣೆ ಕಾಟ: ಹಸುವಿನ ಮೈ ತೊಳೆದರೆ ಸಾಲದು, ಕೊಟ್ಟಿಗೆ-ನಾಯಿ-ತೋಟ ಮೂರನ್ನೂ ನೋಡಬೇಕು

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಉಣ್ಣೆ (ಉಣುಗು) ಕಾಣದ ಕೊಟ್ಟಿಗೆ ಹುಡುಕಿದರೂ ಸಿಗುವುದು ಕಷ್ಟ. ತೋಟದಂಚಿನಲ್ಲಿ, ಕಾಡಿನಂಚಿನಲ್ಲಿ ಮೇಯ್ದು ಬಂದ ದನದ ಕಿವಿ, ಕೆಚ್ಚಲು, ಬಾಲದ ಬುಡದಲ್ಲಿ ಉಣ್ಣೆ ಜೋತಾಡುವುದು ಹೊಸ ವಿಷಯವೇನಲ್ಲ. 'ಮಲೆನಾಡಲ್ಲಿ ಇದೆಲ್ಲ ಇದ್ದದ್ದೇ' ಅಂತ ಬಿಟ್ಟುಬಿಡುವವರೇ ಜಾಸ್ತಿ.

ಆದರೆ ಡೈರಿಗೆ ಹಾಲು ಹಾಕಲು ಸಾಕಿದ ಮಿಶ್ರತಳಿ ಹಸು ನಾಲ್ಕು ದಿನ ಜ್ವರ ಬಂದು ಸತ್ತರೆ ಒಂದು ಸಂಸಾರದ ಲೆಕ್ಕಾಚಾರವೇ ತಲೆಕೆಳಗಾಗುತ್ತೆ. ಇಂಥ ಜ್ವರಗಳಲ್ಲಿ ಹಲವು ಹರಡುವುದು ಉಣ್ಣೆಯಿಂದಲೇ. ಉಣ್ಣೆಯ ಬಗ್ಗೆ ಈಚಿನ ವರ್ಷಗಳಲ್ಲಿ ನಡೆದಿರುವ ಪಶುವೈದ್ಯ ಸಂಶೋಧನೆಗಳಲ್ಲಿ ನಮ್ಮ ಭಾಗದವರಿಗೆ ಬೇಕಾದ ಸಂಗತಿಗಳು ಸಾಕಷ್ಟಿವೆ. ಅವುಗಳ ವಿವರ ಇಲ್ಲಿದೆ.

ಎಲ್ಲ ಉಣ್ಣೆಯೂ ಒಂದೇ ಅಲ್ಲ

ನೋಡಲು ಒಂದೇ ಥರ ಕಂಡರೂ ನಾಲ್ಕು ಬಗೆಯ ಉಣ್ಣೆಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು.

1. ರಿಪಿಸೆಫಾಲಸ್ ಮೈಕ್ರೋಪ್ಲಸ್: ದನದ ಮೈಮೇಲೆ ಹೆಚ್ಚಾಗಿ ಕಾಣುವ ಉಣ್ಣೆ. ಮರಿಯಾಗಿ ಹತ್ತಿದ್ದು ಬಲಿಯುವವರೆಗೂ ಅದೇ ದನದ ಮೇಲೇ ಇರುತ್ತೆ. ಬೆಬೀಸಿಯಾ, ಅನಾಪ್ಲಾಸ್ಮಾ ರೋಗಗಳನ್ನು ಹರಡುತ್ತೆ.

2. ಹಯಲೋಮಾ: ಸ್ವಲ್ಪ ದೊಡ್ಡದು, ಕಾಲಿನಲ್ಲಿ ಪಟ್ಟೆ ಇರುತ್ತೆ. ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಅಡಗುತ್ತೆ. ಥೈಲೇರಿಯಾ ಆನ್ಯುಲೇಟಾ ಎಂಬ ರೋಗಾಣು ಇದರಿಂದ ಬರುತ್ತೆ.

3. ಹೀಮಾಫೈಸಾಲಿಸ್: ಕಾಡು, ತೋಟದ ಚಿಕ್ಕ ಉಣ್ಣೆ. ಮರಿ, ಎಳೆಯ ಉಣ್ಣೆ, ಬಲಿತ ಉಣ್ಣೆ ಮೂರೂ ಹಂತದಲ್ಲಿ ಬೇರೆ ಬೇರೆ ಪ್ರಾಣಿಯ ರಕ್ತ ಹೀರುತ್ತೆ. ಮಂಗನ ಕಾಯಿಲೆ ಹರಡುವುದು ಈ ಗುಂಪಿನ ಉಣ್ಣೆಯೇ.

4. ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್: ನಾಯಿ ಉಣ್ಣೆ. ಮನೆ ಗೋಡೆ, ಕಿಟಕಿ ಸಂದಿ, ನಾಯಿ ಮಲಗುವ ಗೋಣಿಚೀಲದಲ್ಲೂ ಬದುಕುತ್ತೆ.

ರಕ್ತ ಕುಡಿದು ಊದಿಕೊಂಡ ದನದ ಹೆಣ್ಣು ಉಣ್ಣೆಯೊಂದು ನೆಲಕ್ಕೆ ಬಿದ್ದು 2000ದಿಂದ 3000 ಮೊಟ್ಟೆ ಇಡಬಲ್ಲದು. ಹಾಗಾಗಿ ಉಣ್ಣೆ ಕಿತ್ತು ಅಂಗಳಕ್ಕೆ ಎಸೆಯುವುದು ಅಂದರೆ ಬೀಜ ಬಿತ್ತಿದ ಹಾಗೆ. ಕಿತ್ತದ್ದನ್ನು ಒಲೆಗೆ ಹಾಕಬೇಕು, ಇಲ್ಲವೇ ಸ್ಪಿರಿಟ್ ಇರುವ ಡಬ್ಬಿಗೆ ಹಾಕಬೇಕು. ಉಗುರಲ್ಲಿ ಒರೆಯಬಾರದು.

ಹಸುವಿಗೆ ಬರುವ ಮೂರು ಜ್ವರ, ಮೂರು ಬೇರೆ ಔಷಧ

ಹಸುವಿನ ಸಾಮಾನ್ಯ ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಉಣ್ಣೆ ಜ್ವರದಲ್ಲಿ ಇದು 104ರಿಂದ 107ರವರೆಗೂ ಏರುತ್ತೆ. ಮೇವು ಬಿಡುವುದು, ಹಾಲು ಥಟ್ಟನೆ ಇಳಿಯುವುದು ಎಲ್ಲದರಲ್ಲೂ ಇದೆ. ವ್ಯತ್ಯಾಸ ಇಲ್ಲಿ ನೋಡಿ.

ಥೈಲೇರಿಯಾ: ಭುಜದ ಮುಂಭಾಗದ ಗಡ್ಡೆ ಊದಿಕೊಳ್ಳುತ್ತೆ. ಏದುಸಿರು, ಕಣ್ಣಲ್ಲಿ ನೀರು, ವಸಡು ಬಿಳಿಚಿಕೊಳ್ಳುವುದು. ಔಷಧ ಬುಪಾರ್ವಾಕೋನ್.

ಬೆಬೀಸಿಯಾ: ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಔಷಧ ಡಿಮಿನಾಜಿನ್.

ಅನಾಪ್ಲಾಸ್ಮಾ: ಕಣ್ಣು, ವಸಡು ಹಳದಿಯಾಗುತ್ತೆ, ಸಗಣಿ ಗಟ್ಟಿಯಾಗುತ್ತೆ, ಮೂತ್ರ ಮಾತ್ರ ಕೆಂಪಾಗುವುದಿಲ್ಲ. ಔಷಧ ಆಕ್ಸಿಟೆಟ್ರಾಸೈಕ್ಲಿನ್.

ಒಂದಕ್ಕೆ ಹಾಕುವ ಔಷಧ ಇನ್ನೊಂದಕ್ಕೆ ಕೆಲಸಕ್ಕೆ ಬಾರದು. ಎರಡು ಮೂರು ರೋಗ ಒಟ್ಟಿಗೇ ಬರುವುದೂ ಇದೆ. ಅದಕ್ಕೇ ಇಂಜೆಕ್ಷನ್‌ಗೆ ಮುಂಚೆ ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿ (ಸ್ಲೈಡ್) ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಮುಖ್ಯ. ರೋಗಾಣು ತೀರಾ ಕಡಿಮೆ ಇದ್ದಾಗ ಸ್ಲೈಡ್‌ನಲ್ಲಿ ಸಿಗದೇ ಹೋಗಬಹುದು. ಪಿಸಿಆರ್ ಪರೀಕ್ಷೆಯಲ್ಲಿ ಸಿಗುತ್ತೆ. ಗುಣವಾದ ಹಸುವಿನ ರಕ್ತದಲ್ಲೂ ರೋಗಾಣು ಉಳಿದುಕೊಂಡು, ಉಣ್ಣೆ ಮೂಲಕ ಪಕ್ಕದ ಹಸುವಿಗೆ ದಾಟಬಲ್ಲದು. ಹೊಸ ಹಸು ತಂದಾಗ ಎರಡು ಮೂರು ವಾರ ಬೇರೆ ಕಟ್ಟಿ, ಉಣ್ಣೆ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ ಎನ್ನುವುದು ಈ ಕಾರಣಕ್ಕೆ.

ವಯನಾಡಿನಿಂದ ಬಂದ ಎಚ್ಚರಿಕೆ

ಥೈಲೇರಿಯಾ ಓರಿಯೆಂಟಾಲಿಸ್ ಎಂಬ ಇನ್ನೊಂದು ರೋಗಾಣುವನ್ನು ಬಹುಕಾಲ ಅಷ್ಟೇನೂ ಅಪಾಯವಿಲ್ಲದ್ದು ಅಂದುಕೊಂಡಿದ್ದರು. ಆದರೆ ಕೇರಳದ ಪಶುವೈದ್ಯ ವಿಜ್ಞಾನಿಗಳು ವಯನಾಡಿನಲ್ಲಿ ಮಿಶ್ರತಳಿ ಹಸುಗಳು ಇದರಿಂದಲೇ ಸಾಯುತ್ತಿವೆ ಎಂದು ಗುರುತಿಸಿ, 2011ರಲ್ಲಿ ವಂಶವಾಹಿ ಪರೀಕ್ಷೆಯ ವಿವರ ಸಹಿತ ಪ್ರಕಟಿಸಿದರು. ವಯನಾಡು ಅಂದರೆ ನಮ್ಮ ಹಾಗೇ ಕಾಫಿ, ಮೆಣಸು, ಮಳೆ, ಕಾಡಿನಂಚಿನ ಮೇವು. ಕರ್ನಾಟಕದ ದನಗಳಲ್ಲೂ ಈ ರೋಗಾಣು ಪತ್ತೆಯಾಗಿದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಭಾರತದಲ್ಲಿ ಥೈಲೇರಿಯಾ ಲಸಿಕೆ ಇರುವುದು ನಿಜ. ಅದನ್ನು ದ್ರವ ಸಾರಜನಕದಲ್ಲಿ ಇಡಬೇಕಾದ್ದರಿಂದ ಹಳ್ಳಿಗೆ ತಲುಪಿಸುವುದು ಸುಲಭವಲ್ಲ. ಜೊತೆಗೆ ಅದು ಆನ್ಯುಲೇಟಾಗೆ ತಯಾರಾದದ್ದು. ಓರಿಯೆಂಟಾಲಿಸ್‌ಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಇತ್ತ ಬುಪಾರ್ವಾಕೋನ್‌ಗೆ ಬಗ್ಗದ ಆನ್ಯುಲೇಟಾ ರೋಗಾಣುಗಳು ಟುನೀಶಿಯಾ, ಇರಾನ್, ಸುಡಾನ್ ದೇಶಗಳಲ್ಲಿ ವರದಿಯಾಗಿವೆ. ಅರೆಬರೆ ಡೋಸ್ ಕೊಟ್ಟು ನಿಲ್ಲಿಸುವುದು, ಜ್ವರ ಬಂದ ಪ್ರತಿ ಹಸುವಿಗೂ ಪರೀಕ್ಷೆ ಇಲ್ಲದೆ ಚುಚ್ಚುವುದು ಇಂಥ ಸ್ಥಿತಿಗೆ ದಾರಿ ಮಾಡಿಕೊಡುತ್ತೆ.

ಔಷಧ ಹೊಡೆದರೂ ಉಣ್ಣೆ ಯಾಕೆ ಸಾಯ್ತಿಲ್ಲ?

'ಮೊದಲು ಒಂದು ಸಲ ಹೊಡೆದರೆ ಸಾಕಿತ್ತು, ಈಗ ಮೂರು ಸಲ ಹೊಡೆದರೂ ಉದುರಲ್ಲ' ಎಂಬ ದೂರು ಸುಳ್ಳಲ್ಲ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮತ್ತು ಇತರರು ದೇಶದ ಹಲವು ರಾಜ್ಯಗಳ ದನದ ಉಣ್ಣೆಯನ್ನು ಪರೀಕ್ಷಿಸಿದ್ದಾರೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಗಳಿಗೆ ಉಣ್ಣೆ ಬಗ್ಗದಿರುವುದು ಅನೇಕ ಕಡೆ ಕಂಡಿದೆ. ಔಷಧವನ್ನು ಒಡೆದುಹಾಕುವ ಕಿಣ್ವಗಳು ಇಂಥ ಉಣ್ಣೆಗಳಲ್ಲಿ ಹೆಚ್ಚಿರುತ್ತವೆ; ಔಷಧ ಹೋಗಿ ಕೂರಬೇಕಾದ ನರದ ಜಾಗವೇ ಬದಲಾಗಿರುವುದೂ ಉಂಟು.

ಬಹಳ ಜನ ಇದಕ್ಕೆ ಕಂಡುಕೊಂಡ ಉಪಾಯ ಡಬಲ್ ಡೋಸ್. ಅದು ತಪ್ಪು. ಇನ್ನೂ ದೊಡ್ಡ ತಪ್ಪು ಕಾಫಿ ಗಿಡಕ್ಕೆ ತಂದ ಕೀಟನಾಶಕವನ್ನೇ ದನಕ್ಕೆ ಹಚ್ಚುವುದು. ಕ್ಲೋರ್‌ಪೈರಿಫಾಸ್ ಥರದ ಔಷಧ ಚರ್ಮದ ಮೂಲಕವೇ ಒಳಗೆ ಹೋಗುತ್ತೆ. ಜೊಲ್ಲು ಸುರಿಸುವುದು, ಮೈ ನಡುಗುವುದು, ಉಸಿರಾಟದ ತೊಂದರೆ ಶುರುವಾದರೆ ವೈದ್ಯರು ಬಂದು ಅಟ್ರೋಪಿನ್ ಕೊಡುವಷ್ಟು ಸಮಯ ಸಿಕ್ಕರೆ ಪುಣ್ಯ.

ಹಾಗಾದರೆ ಮಾಡಬೇಕಾದ್ದೇನು?

• ಲೇಬಲ್‌ನಲ್ಲಿ ಹೇಳಿದಷ್ಟೇ ನೀರು, ಅಷ್ಟೇ ಔಷಧ. ಕಿವಿಯೊಳಗೆ, ಬಾಲದಡಿ, ತೊಡೆಸಂದು ಬಿಡಬಾರದು.

• ಒಂದು ಔಷಧ ಕೆಲಸ ಮಾಡದಿದ್ದರೆ ಅದೇ ಗುಂಪಿನ ಇನ್ನೊಂದು ಬ್ರ್ಯಾಂಡ್ ತಂದು ಉಪಯೋಗವಿಲ್ಲ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಫ್ಲುಮೆಥ್ರಿನ್ ಎಲ್ಲ ಒಂದೇ ಗುಂಪು. ಅಮಿಟ್ರಾಜ್ ಬೇರೆ ಗುಂಪು. ಯಾವುದಕ್ಕೆ ಬದಲಿಸಬೇಕು ಎಂದು ಪಶುವೈದ್ಯರನ್ನು ಕೇಳಬೇಕು.

• ಮೈಗೆ ಹಾಕಿದ ದಿನವೇ ಕೊಟ್ಟಿಗೆಯ ನೆಲ, ಗೋಡೆ ಬಿರುಕು, ಗೊಂತಿನ ಸಂದಿಗೂ ಹೊಡೆಯಬೇಕು. ಮೊಟ್ಟೆ, ಮರಿ ಇರುವುದೇ ಅಲ್ಲಿ. ಬಿರುಕು ಮುಚ್ಚಿಸಿದರೆ ಅರ್ಧ ಕೆಲಸ ಮುಗಿದಂತೆ.

• ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಲಿನಲ್ಲಿ ಬಹಳ ದಿನ ಉಳಿಯುತ್ತೆ. ಕರೆಯುವ ಹಸುವಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಯಾವ ಔಷಧವಾದರೂ ಹಾಲು ಎಷ್ಟು ದಿನ ಡೈರಿಗೆ ಹಾಕಬಾರದು ಎಂದು ಲೇಬಲ್ ನೋಡಬೇಕು.

ಮನೆಮದ್ದು ಬೇಕೆನ್ನುವವರಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಒಂದು ಮಿಶ್ರಣ ಇದೆ. ಬೆಳ್ಳುಳ್ಳಿ 10 ಎಸಳು, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಬೇವಿನ ಸೊಪ್ಪು, ಬೇವಿನ ಹಣ್ಣು, ತುಳಸಿ, ಲಂಟಾನಾ ಎಲೆ ಒಂದೊಂದು ಹಿಡಿ ಅರೆದು, 1 ಲೀಟರ್ ನೀರು ಸೇರಿಸಿ ಸೋಸಿ, ಬಿಸಿಲಿರುವ ಹೊತ್ತಿನಲ್ಲಿ ಮೈಗೂ ಕೊಟ್ಟಿಗೆ ಬಿರುಕಿಗೂ ವಾರಕ್ಕೊಮ್ಮೆ ಸಿಂಪಡಿಸುವುದು. ಲಂಟಾನಾ ದನ ತಿಂದರೆ ವಿಷ, ಆದ್ದರಿಂದ ಚರಟ ಗೊಂತಿಗೆ ಬೀಳದಂತೆ ನೋಡಿಕೊಳ್ಳಬೇಕು. ಇದು ಉಣ್ಣೆಗೆ ಮಾತ್ರ. ಜ್ವರ ಬಂದ ಹಸುವಿಗೆ ಇದೇ ಸಾಕು ಅಂತ ಕಾಯಬಾರದು.

ಮಂಗನ ಕಾಯಿಲೆಯಲ್ಲಿ ದನದ ಪಾತ್ರ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2012ರ ನಂತರ ಬಂಡೀಪುರ, ವಯನಾಡು, ಗೋವಾ ಕಡೆಯೂ ಕಾಣಿಸಿಕೊಂಡಿತು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣಗಳು ಬಂದಿವೆ.

ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಡಿನ ಬಲಿತ ಉಣ್ಣೆಗೆ ದನವೇ ದೊಡ್ಡ ಊಟ. ಹಾಗೆ ರಕ್ತ ಕುಡಿದ ಉಣ್ಣೆ ಮೊಟ್ಟೆಯಿಟ್ಟು ಸಂತತಿ ಹೆಚ್ಚಿಸುತ್ತೆ. ಮನುಷ್ಯನಿಗೆ ಕಚ್ಚುವುದು ಮುಖ್ಯವಾಗಿ ಎಳೆಯ ಉಣ್ಣೆ. ಅದರ ಕಾಲ ನವೆಂಬರ್‌ನಿಂದ ಮೇವರೆಗೆ, ಅಂದರೆ ಕಾಫಿ ಕೊಯ್ಲು, ದರಗು ಗುಡಿಸುವುದು, ಸೌದೆ ತರುವುದು ಎಲ್ಲ ನಡೆಯುವ ಕಾಲ.

ಬ್ರಿಟನ್ ವಿಜ್ಞಾನಿಗಳ ಜೊತೆ ಬೆಂಗಳೂರಿನ ಏಟ್ರೀ ಮತ್ತು ಯಲಹಂಕದ ಪಶುರೋಗ ಸಂಸ್ಥೆ ನಿವೇದಿ ಸೇರಿ, ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಿತ್ಯಹಸಿರು ಕಾಡು ಮತ್ತು ತೋಟ ಬೆರೆತಿರುವ, ನಾಟಿ ದನ ಹೆಚ್ಚಿರುವ ಜಾಗದಲ್ಲಿ ಅಪಾಯ ಹೆಚ್ಚು ಎಂದು ಅದು ಕಂಡುಕೊಂಡಿತು. ಹಾನಬಾಳು, ಹೆತ್ತೂರು, ಬಿಸಿಲೆ ಕಡೆ ಕಾಡು-ತೋಟ ಹೇಗೆ ಬೆರೆತಿದೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಾಗೆಂದು ರೋಗ ಬಂದೇಬಿಡುತ್ತೆ ಎಂದಲ್ಲ. ಎಚ್ಚರ ಬೇಕು ಎಂದಷ್ಟೇ ಅರ್ಥ.

ಇದನ್ನು ಓದಿ ಮಲೆನಾಡು ಗಿಡ್ಡವನ್ನು ದೂರುವುದೂ ಸರಿಯಲ್ಲ. ನಾಟಿ ದನ ಉಣ್ಣೆ ಜ್ವರಗಳನ್ನು ಮಿಶ್ರತಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತೆ. ತೊಂದರೆ ಇರುವುದು ಕಾಡಿಗೆ ಹೋಗಿ ಉಣ್ಣೆ ಹೊತ್ತು ಬರುವುದರಲ್ಲಿ. ಹಸು ಆರೋಗ್ಯವಾಗಿದೆ ಅಂತ ಅದರ ಮೈಮೇಲಿನ ಉಣ್ಣೆ ಬಿಡುವ ಹಾಗಿಲ್ಲ. ಕಾಡಿನ ದರಗನ್ನು ಕೊಟ್ಟಿಗೆಗೆ ಹಾಸುವವರೂ ಇದನ್ನು ನೆನಪಿಡಬೇಕು.

ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆ ಪರಿಣಾಮ ಸಾಲದೆಂದು ನಿಂತುಹೋಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸ ನಡೆಸಿದೆ. ಅಲ್ಲಿವರೆಗೆ ತೋಟಕ್ಕೆ ಹೋಗುವಾಗ ಉದ್ದ ಬಟ್ಟೆ, ಡೇಪಾ ಎಣ್ಣೆ, ವಾಪಸ್ ಬಂದಮೇಲೆ ಬಿಸಿನೀರಿನ ಸ್ನಾನ, ಇವೇ ಗತಿ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಹೇಳಬೇಕು. ಕಾಡು, ತೋಟದಲ್ಲಿ ಓಡಾಡಿದ ಮೇಲೆ ಥಟ್ಟನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ನಾಯಿ, ಬೆಕ್ಕು ಸಾಕಿದವರಿಗೆ

ನಾಯಿಗೂ ಉಣ್ಣೆ ಜ್ವರ ಬರುತ್ತೆ. ಎರ್ಲಿಕಿಯಾ, ಬೆಬೀಸಿಯಾ ಮುಖ್ಯವಾದವು. ಊಟ ಬಿಡುವುದು, ಜ್ವರ, ವಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು ಲಕ್ಷಣಗಳು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸುಮಾರು ನಾಲ್ಕು ವಾರ ಕೊಡಬೇಕಾಗುತ್ತೆ. ನಾಲ್ಕು ದಿನಕ್ಕೆ ಚುರುಕಾಯ್ತು ಅಂತ ನಿಲ್ಲಿಸಿದರೆ ಮತ್ತೆ ಬರುತ್ತೆ.

ಫ್ಲುರಲೇನರ್, ಅಫಾಕ್ಸೊಲೇನರ್ ಗುಂಪಿನ ತಿನ್ನಿಸುವ ಮಾತ್ರೆಗಳು ಒಂದರಿಂದ ಮೂರು ತಿಂಗಳು ಉಣ್ಣೆ ತಡೆಯುತ್ತವೆ. ಫಿಟ್ಸ್ ಬರುವ ನಾಯಿಗೆ ಇವನ್ನು ವೈದ್ಯರನ್ನು ಕೇಳದೆ ಕೊಡಬಾರದು. ದನದ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಹಾಕಬಾರದು. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಿಕ.

ಅಂಗಡಿಯವರು ಗಮನಿಸಿ

ರೈತ ಮೊದಲು ಬರುವುದು ಅಂಗಡಿಗೇ. ಉಣ್ಣೆ ಔಷಧವನ್ನು ಲೇಬಲ್ ಇಲ್ಲದ ಬಾಟಲಿಗೆ ಸುರಿದು ಕೊಡಬೇಡಿ. ದನಕ್ಕೆ, ನಾಯಿಗೆ, ಬೆಳೆಗೆ ಇರುವ ಔಷಧಗಳನ್ನು ಬೇರೆ ಬೇರೆ ಇಡಿ. ಹಿಂದಿನ ಸಲ ಯಾವುದು ಒಯ್ದಿದ್ದರು ಎಂದು ಒಂದು ಮಾತು ಕೇಳಿ. ಜ್ವರ ಬಂದ ಹಸು ಅಂದರೆ ಪಶು ಆಸ್ಪತ್ರೆಗೆ ಕಳಿಸಿ.

ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡಬೇಕಾದ ಸಂಖ್ಯೆ 1962. ಹೆಚ್ಚಿನ ಪರೀಕ್ಷೆ ಬೇಕಾದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸ್ಥಳೀಯ ಪಶುವೈದ್ಯರ ಮೂಲಕ ಮಾದರಿ ಕಳಿಸುವುದು ಒಳ್ಳೆಯದು. ವಿಮೆ ಇರುವ ಹಸು ಸತ್ತರೆ ಕಿವಿಯೋಲೆ ತೆಗೆಯದೆ, ಹೂಳುವ ಮುಂಚೆ ವೈದ್ಯರನ್ನು ಕರೆಸಬೇಕು.

ಹಾಲು ಕರೆಯುವ ಮುಂಚೆ ದಿನಾ ಎರಡು ನಿಮಿಷ ಹಸುವಿನ ಕಿವಿ, ಕೆಚ್ಚಲು, ಬಾಲದ ಬುಡ ಸವರಿ ನೋಡಿದರೆ ಉಣ್ಣೆ ಹತ್ತಿದ್ದು ಕೈಗೇ ಗೊತ್ತಾಗುತ್ತೆ. ಇದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.