ಒಂಬತ್ತು ಮಕ್ಕಳ ತಾಯಿ ಸಂತ ಜೆಲಿ ಮಾರ್ಟಿನ್

ಕಿತ್ತೂರಿನ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. 1824ರಲ್ಲಿ ಬ್ರಿಟಿಷರನ್ನು ಎದುರಿಸಿ ನಿಂತ ಆಕೆ 1829ರಲ್ಲಿ ಸೆರೆಯಾಳಾಗಿ ಕಣ್ಮುಚ್ಚಿದ್ದು ಇದೇ ಊರಿನಲ್ಲಿ. ನಾಡಿಗಾಗಿ ಕತ್ತಿ ಹಿಡಿದ ಆ ತಾಯಿಯನ್ನು ಇತಿಹಾಸ ಮರೆತಿಲ್ಲ, ಮರೆಯಲೂ ಬಾರದು. ಆದರೆ ನಸುಕಿನಲ್ಲೆದ್ದು ರೊಟ್ಟಿ ಬಡಿದು, ತೊಟ್ಟಿಲು ತೂಗಿ, ಹೆತ್ತ ಮಕ್ಕಳಲ್ಲಿ ಕೆಲವರನ್ನು ಮಣ್ಣಿಗೊಪ್ಪಿಸಿ, ಉಳಿದವರನ್ನು ದೇವಭಯದಲ್ಲಿ ಬೆಳೆಸಿದ ತಾಯಂದಿರ ಕಥೆಯನ್ನು ಬರೆದವರು ಯಾರು? ಅವರ ದುಡಿಮೆಗೆ ಲೆಕ್ಕವಿಲ್ಲ, ಅವರ ಕಣ್ಣೀರಿಗೆ ಸಾಕ್ಷಿಯಿಲ್ಲ. ಮೊಮ್ಮಕ್ಕಳ ಕಾಲಕ್ಕೆ ಹೆಸರೂ ಮಾಸಿಹೋಗುತ್ತದೆ.

ಅಂಥ ತಾಯಿಯೊಬ್ಬರ ಬದುಕು ಅಪರೂಪಕ್ಕೆಂಬಂತೆ ದಿನನಿತ್ಯದ ವಿವರಗಳೊಡನೆ ನಮಗೆ ಉಳಿದುಬಂದಿದೆ. ಚೆನ್ನಮ್ಮ ತೀರಿಕೊಂಡ ಎರಡು ವರ್ಷಗಳ ನಂತರ, 1831ರ ಡಿಸೆಂಬರ್ 23ರಂದು ಫ್ರಾನ್ಸಿನಲ್ಲಿ ಹುಟ್ಟಿದ ಆಕೆಯ ಹೆಸರು ಜೆಲಿ ಗೆರಾಂ. ಪುಟ್ಟ ಹೂವೆಂದು ನಮ್ಮ ಕುಟುಂಬಗಳು ಪ್ರೀತಿಯಿಂದ ಕರೆಯುವ ಬಾಲಯೇಸುವಿನ ಸಂತ ತೆರೇಸಾರ ತಾಯಿ. ಮಗಳನ್ನು ಬಲ್ಲವರು ಬಹಳ. ತಾಯಿಯನ್ನು ಬಲ್ಲವರು ಕಡಿಮೆ.

ಯೌವನದಲ್ಲಿ ಜೆಲಿ ಕನ್ಯಾಸ್ತ್ರೀಯಾಗಲು ಬಯಸಿದ್ದರು. ಮಠದ ಶ್ರೇಷ್ಠಿಯವರು ಒಪ್ಪಲಿಲ್ಲ. ಆಗ ಅವರು ಅಲಾಂಸೋ ಪಟ್ಟಣದ ಹೆಸರಾಂತ ಸೂಜಿ ಲೇಸಿನ ಕೆಲಸ ಕಲಿತು 1853ರಲ್ಲಿ ಸ್ವಂತ ಉದ್ಯೋಗವನ್ನು ಆರಂಭಿಸಿದರು. ನಮ್ಮ ಭಾಗದ ಕಸೂತಿಯನ್ನು ಬಲ್ಲವರಿಗೆ ಆ ಶ್ರಮದ ಅರಿವಾದೀತು. ಕಸೂತಿಗೆ ಬಟ್ಟೆಯ ಆಸರೆಯಾದರೂ ಇರುತ್ತದೆ. ಈ ಲೇಸಿಗೆ ಸೂಜಿ ಮತ್ತು ದಾರವೇ ಎಲ್ಲ. ಒಂದು ಚದರ ಸೆಂಟಿಮೀಟರ್ ಲೇಸಿಗೆ ಸುಮಾರು ಏಳು ಗಂಟೆಗಳ ಕೆಲಸ ಬೇಕು. ಬೇರೆ ಬೇರೆ ಹೆಂಗಸರು ತಮ್ಮ ಮನೆಗಳಲ್ಲಿ ಹೆಣೆದ ತುಂಡುಗಳನ್ನು ಬೆಸುಗೆ ಕಾಣದಂತೆ ಜೋಡಿಸುವುದು ಜೆಲಿಯವರ ಪಾಲಿನ ಕೆಲಸವಾಗಿತ್ತು. ಅವರ ಬದುಕೂ ಅಂಥದೇ ಜೋಡಣೆ ಎನ್ನಬಹುದು.

1858ರ ಜುಲೈ 13ರಂದು ಗಡಿಯಾರ ವ್ಯಾಪಾರಿ ಲೂಯಿ ಮಾರ್ಟಿನ್‌ರೊಡನೆ ಅವರ ವಿವಾಹವಾಯಿತು. ಲೂಯಿಯವರೂ ಹಿಂದೊಮ್ಮೆ ಸನ್ಯಾಸಿಯಾಗಲು ಹೊರಟು ಹಿಂದಿರುಗಿದವರು. ದಂಪತಿಗಳು ಪ್ರತಿದಿನ ನಸುಕಿನ ಬಲಿಪೂಜೆಗೆ ಹೋಗುತ್ತಿದ್ದರು. ವ್ಯಾಪಾರಕ್ಕೆ ನಷ್ಟವಾದರೂ ಭಾನುವಾರ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಹೆಂಡತಿಯ ಲೇಸಿನ ಕೆಲಸ ಬೆಳೆದಾಗ ಲೂಯಿ 1870ರಲ್ಲಿ ತಮ್ಮ ಅಂಗಡಿಯನ್ನು ಮಾರಿ ಆಕೆಯ ಉದ್ಯೋಗಕ್ಕೆ ಹೆಗಲು ಕೊಟ್ಟರು. ನೂರೈವತ್ತು ವರ್ಷಗಳ ಹಿಂದೆ ಗಂಡನೊಬ್ಬ ಹೀಗೆ ಮಾಡಿದ್ದು ಇಂದಿನ ಗಂಡಂದಿರೂ ಧ್ಯಾನಿಸತಕ್ಕ ವಿಷಯ.

1860ರಿಂದ 1873ರವರೆಗೆ ಅವರಿಗೆ ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಉಳಿಯಲಿಲ್ಲ. ಜೋಸೆಫನೆಂದು ಹೆಸರಿಟ್ಟ ಮೊದಲ ಗಂಡುಮಗು 1867ರ ಫೆಬ್ರುವರಿಯಲ್ಲಿ ತೀರಿಕೊಂಡಿತು. ಮತ್ತೆ ಹುಟ್ಟಿದ ಗಂಡುಮಗುವಿಗೂ ಅದೇ ಹೆಸರಿಟ್ಟರು. ಅದು 1868ರ ಆಗಸ್ಟಿನಲ್ಲಿ ಹೋಯಿತು. 1870ರ ಫೆಬ್ರುವರಿಯಲ್ಲಿ ಐದು ವರ್ಷದ ಎಲೆನ್, ಅದೇ ಅಕ್ಟೋಬರಿನಲ್ಲಿ ಎರಡು ತಿಂಗಳ ಹಸುಳೆ ಮೆಲಾನಿ ತೆರೇಸ್. ನಾಲ್ಕು ವರ್ಷ ತುಂಬುವ ಮೊದಲೇ ಒಂದೇ ಮನೆಯಿಂದ ನಾಲ್ಕು ಪುಟ್ಟ ಶವಪೆಟ್ಟಿಗೆಗಳು ಹೊರಟವು.

ಇಷ್ಟು ದುಃಖ ಉಣ್ಣುವ ಬದಲು ಆ ಮಕ್ಕಳು ಹುಟ್ಟದಿದ್ದರೇ ಚೆನ್ನಾಗಿತ್ತಲ್ಲವೇ ಎಂದು ಸಮಾಧಾನ ಹೇಳಲು ಬಂದವರೂ ಇದ್ದರು. ಆ ಮಾತನ್ನು ಜೆಲಿ ಸಹಿಸಲಿಲ್ಲ. ತಮ್ಮ ಕಷ್ಟವನ್ನು ಮಕ್ಕಳ ನಿತ್ಯಾನಂದದೊಡನೆ ತಕ್ಕಡಿಯಲ್ಲಿಟ್ಟು ತೂಗಲಾಗದು, ಅವರನ್ನು ಮೇಲಣ ಲೋಕದಲ್ಲಿ ಮತ್ತೆ ಕಾಣುವೆ ಎಂಬ ಭಾವವನ್ನು ಪತ್ರದಲ್ಲಿ ತೋಡಿಕೊಂಡರು. ಅವರ ಪಾಲಿಗೆ ಆ ನಾಲ್ವರು ಕಳೆದುಹೋದವರಲ್ಲ, ಮುಂದೆ ಹೋದವರು. ಮಕ್ಕಳೆಷ್ಟು ಎಂದರೆ ಒಂಬತ್ತೆಂದೇ ಎಣಿಸಬೇಕಾದ ಮನೆ ಅದು.

ಅವರ 218 ಪತ್ರಗಳು ಇಂದು ಲಭ್ಯವಿವೆ. ತಮ್ಮನಿಗೆ, ನಾದಿನಿಗೆ, ಶಾಲೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಬರೆದವು. ಪ್ರಿಯ ಓದುಗರೇ, ಅವುಗಳಲ್ಲಿ ದರ್ಶನಗಳನ್ನಾಗಲೀ ಪವಾಡಗಳನ್ನಾಗಲೀ ಹುಡುಕಿದರೆ ನಿರಾಶೆಯಾದೀತು. ಲೇಸಿನ ಬೇಡಿಕೆ ತೀರಿಸುವ ಆತಂಕ, ಮಕ್ಕಳ ಜ್ವರ, ಮನೆಗೆಲಸದವರ ಗೋಜು, 1870-71ರ ಯುದ್ಧದಲ್ಲಿ ಮನೆಯೊಳಗೇ ಬೀಡುಬಿಟ್ಟ ಜರ್ಮನ್ ಸೈನಿಕರು, ದಣಿವು, ಬೇಸರ, ನಡುನಡುವೆ ನಗೆ. ಲೇಸಿನ ಕೆಲಸ ತಮ್ಮನ್ನು ಹಿಂಡಿಹಾಕುತ್ತಿದೆ ಎಂದು ಅವರು ದೂರಿಕೊಂಡದ್ದೂ ಉಂಟು. ಪಾವಿತ್ರ್ಯ ಈ ಗೋಜಲಿನ ಆಚೆಗೆಲ್ಲೋ ಇರಲಿಲ್ಲ, ಇದರೊಳಗೇ ಇತ್ತು.

ಅವರ ತಾಯ್ತನದ ದೊಡ್ಡ ಪರೀಕ್ಷೆ ಮೂರನೆಯ ಮಗಳು ಲಿಯೋನಿ. 1863ರಲ್ಲಿ ಹುಟ್ಟಿದ ಈ ಹುಡುಗಿ ರೋಗಿಷ್ಠೆ, ಹಟಮಾರಿ, ಓದಿನಲ್ಲಿ ಹಿಂದೆ. ಸ್ವಂತ ಚಿಕ್ಕಮ್ಮನಲ್ಲ, ದೊಡ್ಡಮ್ಮನೇ ಕನ್ಯಾಸ್ತ್ರೀಯಾಗಿದ್ದ ಮಠದ ಶಾಲೆಯೂ ಆಕೆಯನ್ನು ಮನೆಗೆ ಕಳಿಸಿತು. ತಾಯಿ ಗದರಿದರು, ಮುದ್ದಿಸಿದರು, ಪ್ರಾರ್ಥಿಸಿದರು. ಯಾವುದೂ ಫಲಿಸಿದಂತೆ ಕಾಣಲಿಲ್ಲ. ಮನೆಗೆಲಸದವಳು ಆ ಹುಡುಗಿಯನ್ನು ಗುಟ್ಟಾಗಿ ಹೆದರಿಸಿ ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳೆಂಬ ಸತ್ಯ ತಾಯಿಗೆ ತಿಳಿದದ್ದು 1877ರಲ್ಲಿ, ತಮ್ಮ ಆಯುಷ್ಯ ಮುಗಿಯುತ್ತ ಬಂದಿದ್ದಾಗ. ಉಳಿದ ಕೆಲವೇ ತಿಂಗಳುಗಳಲ್ಲಿ ಅವರು ಆ ಮಗಳನ್ನು ಸದಾ ತಮ್ಮ ಬಳಿ ಇರಿಸಿಕೊಂಡು ಆಕೆಯ ಮನಸ್ಸನ್ನು ಗೆದ್ದರು.

ಅಷ್ಟರಲ್ಲಿ ಎದೆಯ ಗಡ್ಡೆ ಕ್ಯಾನ್ಸರಾಗಿ ಬೆಳೆದಿತ್ತು. ಶಸ್ತ್ರಚಿಕಿತ್ಸೆಗೆ ಕಾಲ ಮೀರಿದೆಯೆಂದು 1876ರ ಕೊನೆಯಲ್ಲಿ ವೈದ್ಯರು ತಿಳಿಸಿದರು. 1877ರ ಜೂನ್‌ನಲ್ಲಿ ಮೂವರು ದೊಡ್ಡ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ನೀರಿನಲ್ಲಿ ಮಿಂದರು, ಗುಣವಾಗಲಿಲ್ಲ. ಪ್ರಯಾಣದಲ್ಲಿ ಅಕ್ಕನ ನೆನಪಿನ ಜಪಸರವೂ ಕಳೆದುಹೋಯಿತು. ಆದರೂ ಮನೆಗೆ ಹಿಂದಿರುಗಿದ್ದು ಹಸನ್ಮುಖದಿಂದಲೇ. ಅದೇ ವರ್ಷದ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರೆಹೋದರು. ಕಿರಿಯ ಮಗಳು ತೆರೇಸಾಳಿಗೆ ಆಗ ನಾಲ್ಕೂವರೆ ವರ್ಷ.

ಮುಂದೆ ನಡೆದದ್ದನ್ನು ಆ ತಾಯಿ ಕಾಣಲಿಲ್ಲ. ನಾಲ್ವರು ಹೆಣ್ಣುಮಕ್ಕಳು ಲಿಸ್ಯೂವಿನ ಕಾರ್ಮೆಲ್ ಮಠ ಸೇರಿದರು. ಯಾವ ಶಾಲೆಗೂ ಬೇಡವಾಗಿದ್ದ ಲಿಯೋನಿ, ಮಠ ಸೇರಿ ಹೊರಬಂದು ಮತ್ತೆ ಸೇರುತ್ತ, ಕೊನೆಗೆ 1899ರಲ್ಲಿ ಕಾನ್ ನಗರದ ಮಠದಲ್ಲಿ ನೆಲೆನಿಂತು 1941ರವರೆಗೆ ಬಾಳಿದಳು. 2015ರಲ್ಲಿ ಆಕೆಯ ಸಂತಪದವಿಯ ಪ್ರಕ್ರಿಯೆಯೂ ಆರಂಭವಾಯಿತು. ತೆರೇಸಾ 1925ರಲ್ಲಿ ಸಂತರಾದರು. ತಾಯಿತಂದೆಯರ ಸರದಿ ಬರಲು ಇನ್ನೂ ತೊಂಬತ್ತು ವರ್ಷಗಳು ಬೇಕಾದವು. 2008ರಲ್ಲಿ ಪುನೀತರೆಂದು ಘೋಷಿತರಾದ ಈ ದಂಪತಿಗಳನ್ನು 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್‌ರವರು ಒಟ್ಟಿಗೆ ಸಂತರ ಪದವಿಗೇರಿಸಿದರು. ಜುಲೈ 12 ಅವರ ಹಬ್ಬ.

ಮಗಳಿಂದಾಗಿ ತಾಯಿ ಸಂತಳಾದಳೇ? ಮಗಳ ಕೀರ್ತಿಯಿಂದ ತಾಯಿಯ ಪತ್ರಗಳು ಉಳಿದವು ಎಂಬುದು ನಿಜ. ಆದರೆ ಧರ್ಮಸಭೆ ಪರೀಕ್ಷಿಸಿದ್ದು ಆ ದಂಪತಿಗಳ ಸ್ವಂತ ಬಾಳನ್ನು. ಮಕ್ಕಳು ಮಠ ಸೇರದಿದ್ದರೂ, ಲಿಯೋನಿ ಕೊನೆಯವರೆಗೂ ದಾರಿಗೆ ಬಾರದಿದ್ದರೂ, ಜೆಲಿಯವರ ಪ್ರೀತಿಯ ತೂಕ ಕಡಿಮೆಯಾಗುತ್ತಿರಲಿಲ್ಲ. ಮಕ್ಕಳ ಸೋಲನ್ನು ತಮ್ಮ ತಪ್ಪೆಂದು ಮರುಗುವ ತಾಯಂದಿರು ಇದನ್ನು ಅರಿಯಬೇಕು.

ಪತ್ರ ಬರೆಯದ ತಾಯಂದಿರ ಗತಿಯೇನು? ಜೆಲಿ ಮಕ್ಕಳನ್ನು ಮಣ್ಣುಮಾಡುತ್ತಿದ್ದ ಆ ಕಾಲದಲ್ಲೇ, 1870ರಲ್ಲಿ, ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಕಾರ್ಮೆಲ್ ಸೋದರಿಯರಲ್ಲಿ ಪ್ಯಾಲೆಸ್ತೀನಿನ ಮರಿಯಮ್ ಬವಾರ್ದಿ ಒಬ್ಬರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದ ಅವರು 2015ರ ಮೇ ತಿಂಗಳಲ್ಲಿ ಸಂತರಾದರು. ಅವರ ತಾಯಿ ಹನ್ನೆರಡು ಗಂಡುಮಕ್ಕಳನ್ನು ಶೈಶವದಲ್ಲೇ ಕಳೆದುಕೊಂಡು, ಗಂಡನೊಡನೆ ಬೆತ್ಲೆಹೇಮಿಗೆ ನಡೆದುಹೋಗಿ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು ಮರಿಯಮ್. ಮಗಳು ಬುದ್ಧಿ ಬಲಿಯುವ ಮೊದಲೇ ತಾಯಿ ತೀರಿಕೊಂಡರು. ಆ ತಾಯಿಯ ಕೈಬರಹದ ಒಂದು ಸಾಲೂ ನಮ್ಮ ಮುಂದಿಲ್ಲ. ಹನ್ನೆರಡು ತೊಟ್ಟಿಲುಗಳು ಬರಿದಾದ ಮೇಲೂ ಪ್ರಾರ್ಥಿಸಲು ಹೊರಟ ಆ ನಡಿಗೆಯೇ ಅವರ ಪತ್ರ.

ಪ್ರತಿ ಧರ್ಮಕೇಂದ್ರದ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರಿನ ಜೊತೆ ತಾಯಿಯ ಹೆಸರನ್ನೂ ಬರೆಯುತ್ತೇವೆ. ಎಷ್ಟೋ ತಾಯಂದಿರ ಬದುಕಿಗೆ ಅದೊಂದೇ ಲಿಖಿತ ಸಾಕ್ಷಿ. ಮನೆಯ ಹಿರಿಯ ತಾಯಂದಿರು ಇನ್ನೂ ನಮ್ಮೊಡನಿರುವಾಗಲೇ ಅವರ ಪಕ್ಕ ಕುಳಿತು ಕೇಳೋಣ: ಎಷ್ಟು ಮಕ್ಕಳನ್ನು ಹೆತ್ತಿರಿ, ಉಳಿಯದವರಿಗೆ ಏನು ಹೆಸರಿಟ್ಟಿದ್ದಿರಿ, ಬರಗಾಲದ ವರ್ಷ ಮನೆಯನ್ನು ಹೇಗೆ ನಡೆಸಿದಿರಿ, ಯಾವ ಪ್ರಾರ್ಥನೆ ನಿಮ್ಮನ್ನು ಎತ್ತಿ ನಿಲ್ಲಿಸಿತು? ಕೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ನವೆಂಬರಿನಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ, ಕೆಲವೇ ದಿನ ಬದುಕಿದ ಆ ಹಸುಳೆಗಳ ಹೆಸರನ್ನೂ ಗಟ್ಟಿಯಾಗಿ ಹೇಳೋಣ. ಅವರ ಹೆಸರು ಮಕ್ಕಳ ಬಾಯಲ್ಲಿ ಕೇಳಿಬಂದರೆ ಹೆತ್ತವಳ ಮುಖದಲ್ಲಿ ಮೂಡುವ ಬೆಳಕನ್ನು ಆಗ ನೀವೇ ಕಾಣುವಿರಿ.