ನದಿ ಮಾಡಿದ ಬೈಪಾಸ್

ಹೈವೇಗೆ ಬೈಪಾಸ್ ಆದಮೇಲೆ ಊರೊಳಗಿನ ಹೋಟೆಲುಗಳ ಪಾಡು ನೋಡಿದ್ದೀರಲ್ಲ? ಅಮೆರಿಕದ ವಿಕ್ಸ್‌ಬರ್ಗ್ ಪಟ್ಟಣಕ್ಕೆ ನದಿಯೇ ಹಾಗೆ ಮಾಡಿತು.

ಮಿಸಿಸಿಪ್ಪಿಯ ದೊಡ್ಡ ತಿರುವಿನ ದಡದಲ್ಲಿ, ಎತ್ತರದ ಗುಡ್ಡದ ಮೇಲಿತ್ತು ಈ ಊರು. ಅಂತರ್ಯುದ್ಧದಲ್ಲಿ ಅದರ ಫಿರಂಗಿಗಳಿಂದ ಹಡಗುಗಳನ್ನು ತಪ್ಪಿಸಲು, ತಿರುವಿನ ನಡುವಿನ ನೆಲಕ್ಕೆ ಅಡ್ಡವಾಗಿ ಉತ್ತರದ ಸೈನ್ಯ 1862ರಲ್ಲಿ ಕಾಲುವೆ ತೋಡಲು ಶುರುಮಾಡಿತು. ನೆರೆಯ ಕಾಟಕ್ಕೆ 1863ರಲ್ಲಿ ಜನರಲ್ ಗ್ರಾಂಟ್ ಅದನ್ನು ಕೈಬಿಟ್ಟರು. ಯುದ್ಧ ಮುಗಿದು 11 ವರ್ಷ ಆದಮೇಲೆ, 1876ರ ಏಪ್ರಿಲ್ 26ರಂದು, ಅದೇ ನೆಲವನ್ನು ನದಿ ತಾನೇ ಸೀಳಿಕೊಂಡು ನೆಟ್ಟಗೆ ಹರಿಯಿತು!

ಪವಾಡ ಏನಲ್ಲ. ನಮ್ಮೂರ ಹೊಳೇಲೂ ಇದರ ಸಣ್ಣ ರೂಪ ನೋಡಿದ್ದೀನಿ. ತಿರುವಿನ ಹೊರಬದಿಯಲ್ಲಿ ರಭಸದ ನೀರು ದಡ ಕೊರೆಯುತ್ತೆ, ಒಳಬದಿಯಲ್ಲಿ ನಿಧಾನದ ನೀರು ಮರಳು ಬಿಡುತ್ತೆ. ತಿರುವು ಬೆಳೆದೂ ಬೆಳೆದೂ ಅದರ ಎರಡು ತುದಿ ಹತ್ತಿರವಾದಾಗ, ಒಂದು ದೊಡ್ಡ ನೆರೆ ಸಾಕು. ಆಮೇಲೆ ಹಳೇ ಪಾತ್ರದ ಎರಡೂ ಬಾಯಿ ಮರಳಿನಿಂದ ಕಟ್ಟಿಕೊಳ್ಳುತ್ತೆ. ಒಳಗೆ ನಿಂತ ನೀರಿಗೆ ಪ್ರತಿ ನೆರೆಯೂ ನುಣುಪು ಮಣ್ಣು ತಂದು ಸುರಿಯುತ್ತೆ. ಕೆರೆ ಜೌಗಾಗುತ್ತೆ, ಜೌಗು ನೆಲವಾಗುತ್ತೆ.

ವಿಕ್ಸ್‌ಬರ್ಗಿನ ಬಂದರಿಗೂ ಹೂಳು ತುಂಬಿತು. ಕೊನೆಗೆ 1903ರಲ್ಲಿ ಎಂಜಿನಿಯರುಗಳು ಯಾಜೂ ನದಿಯನ್ನೇ ತಿರುಗಿಸಿ ಊರ ಮುಂದೆ ಹರಿಸಿದರು.

1944ರಲ್ಲಿ ಭೂವಿಜ್ಞಾನಿ ಹೆರಾಲ್ಡ್ ಫಿಸ್ಕ್ ಮಿಸಿಸಿಪ್ಪಿಯ ಹಳೇ ಪಾತ್ರಗಳನ್ನೆಲ್ಲ ಬಣ್ಣಬಣ್ಣವಾಗಿ ನಕ್ಷೆಗಿಳಿಸಿದರು. ನೋಡಿದರೆ ಬಯಲಿಗೆ ಬಯಲೇ ಒಂದಾನೊಂದು ಕಾಲದ ನದಿ! ಹೊಳೆ ಪಕ್ಕ ಸೈಟು ನೋಡೋಕೆ ಹೋದಾಗ ನದಿ ಎಷ್ಟು ದೂರ ಅಂತ ಮಾತ್ರ ಕೇಳಬೇಡಿ. ಹಿಂದೆ ಎಲ್ಲಿತ್ತು ಅಂತಲೂ ಕೇಳಿ.