ಬೂಟು ಹೇಳಿದ ಬ್ರೇಕಿಂಗ್ ನ್ಯೂಸ್

ಜಗತ್ತಿನ ಅತಿದೊಡ್ಡ ಸುದ್ದಿಗಳಲ್ಲಿ ಒಂದನ್ನು ಹೊರಗೆ ಹಾಕಿದ್ದು ಯಾವ ವರದಿಗಾರನೂ ಅಲ್ಲ. ಒಂದು ಜೊತೆ ಬೂಟು! ತಮಾಷೆ ಮಾಡ್ತಿಲ್ಲ, ಕೇಳಿ.

1986ರ ಏಪ್ರಿಲ್ 28, ಸೋಮವಾರ ಬೆಳಿಗ್ಗೆ. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ವಿದ್ಯುತ್ ಸ್ಥಾವರ. ವಿಕಿರಣ ತಪಾಸಣೆಯ ಯಂತ್ರದ ಮುಂದೆ ನೌಕರನೊಬ್ಬ ಹಾದುಹೋಗ್ತಾನೆ, ಅಲಾರಂ ಹೊಡ್ಕೊಳ್ಳುತ್ತೆ. ನೋಡಿದ್ರೆ ಅವನ ಬೂಟಿಗೆ ವಿಕಿರಣದ ಧೂಳು ಮೆತ್ತಿದೆ. ನಮ್ಮ ಸ್ಥಾವರವೇ ಸೋರ್ತಿದೆ ಅಂತ ಗಾಬರಿಬಿದ್ದು ನೂರಾರು ಜನರನ್ನ ಹೊರಗೆ ಕಳಿಸಿದರು. ಹುಡುಕಿದರೆ ಸೋರಿಕೆಯೇ ಇಲ್ಲ! ಧೂಳು ಬಂದಿದ್ದು ಹೊರಗಿನಿಂದ. ಗಾಳಿಯ ದಿಕ್ಕಿನ ಲೆಕ್ಕ ಹಾಕಿದಾಗ ಅದು ಸೋವಿಯತ್ ಒಕ್ಕೂಟದ ಕಡೆ ಬೆರಳು ತೋರಿಸಿತು. ಮಾಸ್ಕೋವನ್ನು ವಿಚಾರಿಸಿದರು. ಅಂಥದ್ದೇನೂ ಆಗಿಲ್ಲ ಅನ್ನೋ ಧಾಟಿಯ ಉತ್ತರ ಬಂತು.

ಆಗಿತ್ತು. ಏಪ್ರಿಲ್ 26ರ ನಸುಕಿನ 1 ಗಂಟೆ 23 ನಿಮಿಷಕ್ಕೇ ಉಕ್ರೇನಿನ ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿದಿತ್ತು. ಆ ಧೂಳು ಸುಮಾರು 1,100 ಕಿಲೋಮೀಟರ್ ದಾಟಿ ಸ್ವೀಡನ್ ಮುಟ್ಟಿತ್ತು. ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 49 ಸಾವಿರ ಜನರನ್ನು ಬಸ್ಸು ಹತ್ತಿಸಿದ್ದು 27ರ ಮಧ್ಯಾಹ್ನ. 28ರ ರಾತ್ರಿ 9ರ ಸುದ್ದಿಯಲ್ಲಿ ಸೋವಿಯತ್ ಟಿವಿ ಕೊನೆಗೂ ಬಾಯಿಬಿಟ್ಟಿತು. ಎಷ್ಟು? ನಾಲ್ಕೈದು ಸಾಲು! ಅಪಘಾತವಾಗಿದೆ, ಕ್ರಮ ಕೈಗೊಳ್ಳಲಾಗಿದೆ, ಆಯೋಗ ರಚಿಸಲಾಗಿದೆ. ಅಷ್ಟೇ. ಮೇ 1ರಂದು ಕೀವ್‌ನಲ್ಲಿ ಮಕ್ಕಳೂ ಸೇರಿ ಕಾರ್ಮಿಕ ದಿನದ ಮೆರವಣಿಗೆ ನಡೆದೇ ಹೋಯಿತು.

ನಾನೂ ರಾತ್ರಿ 9ರ ಸುದ್ದಿ ಓದುವವನೇ. ಆ ನಾಲ್ಕೈದು ಸಾಲು ನೆನೆದಾಗ ಮೈ ಜುಮ್ಮೆನ್ನುತ್ತೆ. ಯಾಕೆ ಗೊತ್ತಾ? ಅಲ್ಲಿ ಹೇಳದೇ ಬಿಟ್ಟ ಒಂದು ಮಾತು ಮಕ್ಕಳ ಆರೋಗ್ಯದ ಮಾತಾಗಿತ್ತು: ಹಾಲು ಕುಡಿಸಬೇಡಿ.

ಚೆರ್ನೋಬಿಲ್‌ನಿಂದ ಹೊರಬಿದ್ದ ವಿಷಗಳಲ್ಲಿ ವಿಕಿರಣಶೀಲ ಅಯೋಡಿನ್ ಒಂದು. ಅದು ಹುಲ್ಲಿನ ಮೇಲೆ ಬಿತ್ತು, ಹಸು ಮೇಯಿತು, ಹಾಲಿಗೆ ಇಳಿಯಿತು, ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಹೋಗಿ ಕೂತಿತು. ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತೆ. ಅಂದ್ರೆ ಕೆಲವು ವಾರ ಆ ಹಾಲು ಬಿಟ್ಟಿದ್ದರೆ ದೊಡ್ಡ ಗಂಡಾಂತರ ತಪ್ಪುತ್ತಿತ್ತು. ಎಷ್ಟೋ ಹಳ್ಳಿಗಳ ತಾಯಂದಿರಿಗೆ ಅದನ್ನ ಸಮಯಕ್ಕೆ ಯಾರೂ ಹೇಳಲಿಲ್ಲ. ಮುಂದೆ ಆ ಸೀಮೆಯಲ್ಲಿ, ಆಗ ಮಕ್ಕಳಾಗಿದ್ದವರಲ್ಲಿ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣ ದಾಖಲಾದವು. ಎಲ್ಲವೂ ಅದೇ ಕಾರಣಕ್ಕಲ್ಲ. ಆದರೆ ಅವುಗಳಲ್ಲಿ ಗಣನೀಯ ಪಾಲಿಗೆ ಆ ಹಾಲೇ ಮೂಲ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯೇ ಹೇಳಿತು.

ಪಕ್ಕದ ಪೋಲೆಂಡ್ ನೋಡಿ. ಮಾಸ್ಕೋ ಹೇಳಲಿ ಅಂತ ಅದು ಕಾಯಲಿಲ್ಲ. ತನ್ನದೇ ಮಾಪನ ಕೇಂದ್ರಗಳು ಎಚ್ಚರಿಸಿದ ಕೂಡಲೇ, ಏಪ್ರಿಲ್ 29ರಿಂದ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಿತು. ಸುದ್ದಿ ಸಿಕ್ಕರೆ ಒಂದು ಸರ್ಕಾರ ಏನು ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಜಗತ್ತು ಪಾಠ ಕಲಿತದ್ದು ಇಲ್ಲೇ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ವಿಯೆನ್ನಾ ಸಭೆಯಲ್ಲಿ 1986ರ ಸೆಪ್ಟೆಂಬರ್ 26ರಂದು, ಅಂದ್ರೆ ಅಪಘಾತವಾಗಿ ಸರಿಯಾಗಿ ಐದು ತಿಂಗಳಿಗೆ, ಎರಡು ಒಪ್ಪಂದಗಳು ಅಂಗೀಕಾರವಾದವು. ಒಂದು, ಗಡಿ ದಾಟುವ ಅಪಾಯವಿದ್ದರೆ ತಕ್ಷಣ ತಿಳಿಸಬೇಕು. ಎರಡು, ಕೇಳಿದವರಿಗೆ ನೆರವಾಗಬೇಕು. ಭಾರತವೂ ಇವೆರಡಕ್ಕೂ ಸೇರಿದೆ. ಮರುವರ್ಷ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಗುಜರಿಗೆ ಬಿದ್ದ ಕ್ಯಾನ್ಸರ್ ಚಿಕಿತ್ಸಾ ಯಂತ್ರದ ಸೀಸಿಯಂ ನಾಲ್ವರ ಜೀವ ತೆಗೆದಾಗ, ಹೊರಗಿನ ತಜ್ಞರು ಹೋಗಿ ಕೈಜೋಡಿಸಿದರು. ಒಪ್ಪಂದ ಬರೀ ಕಾಗದವಲ್ಲ ಅಂತ ಅಲ್ಲಿ ಸಾಬೀತಾಯಿತು.

ಹಾಗಾದ್ರೆ ಎಲ್ಲ ಸರಿಹೋಯ್ತಾ? ಇಲ್ಲ ಸ್ವಾಮಿ. 2017ರ ಶರತ್ಕಾಲದಲ್ಲಿ ಯುರೋಪಿನ ಹಲವು ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಎಂಬ ವಿಕಿರಣಶೀಲ ವಸ್ತು ಕಾಣಿಸಿತು. ಜನರಿಗೆ ತೊಂದರೆಯಾಗುವ ಮಟ್ಟ ಅದಲ್ಲ, ನಿಜ. ಆದರೆ ನಮ್ಮಲ್ಲಿಂದ ಹೊರಟಿದ್ದು ಅಂತ ಒಂದು ದೇಶವೂ ಒಪ್ಪಲಿಲ್ಲ. ವಿಜ್ಞಾನಿಗಳ ಲೆಕ್ಕ ರಷ್ಯಾದ ಉರಲ್ ಪರ್ವತದ ಕಡೆ ತೋರಿಸಿತು, ರಷ್ಯಾ ಅಲ್ಲಗಳೆಯಿತು. ಒಪ್ಪಂದದ ದೌರ್ಬಲ್ಯ ಇದೇ. ಗಡಿಯಾಚೆಗೆ ಅಪಾಯ ಇದೆಯೋ ಇಲ್ಲವೋ ಅಂತ ಮೊದಲು ತೀರ್ಮಾನಿಸೋದು ತಪ್ಪು ಮಾಡಿದವರೇ. ಸುಮ್ಮನಿದ್ದರೆ ಶಿಕ್ಷೆಯೂ ಇಲ್ಲ.

ಅದಕ್ಕೇ ಹೊರಗಿನ ಕಣ್ಣು ಬೇಕು. ಅದೇ ಉಕ್ರೇನಿನ ಝಪೋರಿಝಿಯಾ ಸ್ಥಾವರ ರಷ್ಯಾ ಸೇನೆಯ ವಶವಾದಾಗ, 2022ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದ ತಜ್ಞರ ತಂಡ ಯುದ್ಧಭೂಮಿ ದಾಟಿ ಒಳಹೋಗಿ ಕೂತಿತು. ಅವರು ಗುಂಡು ನಿಲ್ಲಿಸಲಾರರು. ಆದರೆ ಒಳಗೆ ಏನಾಗ್ತಿದೆ ಅಂತ ಜಗತ್ತಿಗೆ ಹೇಳಬಲ್ಲರು.

ದಿಲ್ಲಿ, ಇಸ್ಲಾಮಾಬಾದ್ ಎಷ್ಟೇ ಮುನಿಸಿಕೊಂಡರೂ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣು ಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ತಿವೆ. ಶತ್ರುಗಳೇ ಅಷ್ಟು ಹೇಳಿಕೊಳ್ಳಬಹುದಾದರೆ, ಸರ್ಕಾರ ತನ್ನ ಜನರಿಗೆ ಹೇಳೋದಕ್ಕೇನು ಕಷ್ಟ? ನಮ್ಮ ಕೈಗಾದಲ್ಲೂ ನಾಲ್ಕು ರಿಯಾಕ್ಟರ್‌ಗಳಿವೆ. ಅವುಗಳಲ್ಲಿ ಒಂದು ಸತತ 962 ದಿನ ಓಡಿ 2018ರಲ್ಲಿ ವಿಶ್ವದಾಖಲೆ ಬರೆಯಿತು. ಹೆಮ್ಮೆಯೇ. ಆದರೂ ನನ್ನ ಪ್ರಶ್ನೆ ಒಂದೇ: ಒಂದು ವೇಳೆ ಏನಾದರೂ ಆದರೆ, ಕಾಳಿ ನದಿ ದಂಡೆಯ ಹಳ್ಳಿಯ ತಾಯಿಗೆ “ಇವತ್ತು ಮಗುವಿಗೆ ಹಾಲು ಬೇಡಮ್ಮ” ಅಂತ ಯಾರು ಹೇಳ್ತಾರೆ? ಎಷ್ಟು ಹೊತ್ತಿಗೆ?

ಆ ಮಾತು ಬೂಟಿನಿಂದ ಗೊತ್ತಾಗಬಾರದು. ಆ ದಿನ ಬರದಿರಲಿ. ಬಂದರೆ, ನನ್ನ ಕೈಗೆ ಬರುವ ಕಾಗದದಲ್ಲಿ ನಾಲ್ಕೈದು ಸಾಲಷ್ಟೇ ಇರದಿರಲಿ.